ಕೈಮುಗಿ ಏರಿಗೆ ನಾಲ್ಕು ಹೊಸ ನಾಝಲ್

ಮಂಗಳವಾರ ಬೆಳಿಗ್ಗೆ ಆರೂಕಾಲಿಗೆ ಕಳಸದ ಆಚೆಯ ನಮ್ಮ ಗುಡ್ಡದಿಂದ ಚಿಕ್ಕಮಗಳೂರಿಗೆ ಹೊರಟೆವು. ಹೊರಟವರು ಮೂವರು: ನಾನು, ನನ್ನ ಅತ್ತೆ ಸರಸ್ವತಮ್ಮ, ಮತ್ತು ನಮ್ಮ ಹದಿನೇಳು ವರ್ಷದ ಡೀಸೆಲ್ ಪಿಕಪ್. ಮೂವರಲ್ಲಿ ಗಟ್ಟಿಯಾಗಿದ್ದವರು ಎಪ್ಪತ್ತೊಂದರ ಅತ್ತೆ ಒಬ್ಬರೇ. ನನಗೆ ನೆಗಡಿ, ಪಿಕಪ್ಪಿಗೆ ಏದುಸಿರು. ದೀಪಾವಳಿ ಕಳೆದು ಹತ್ತು ದಿನವಾಗಿತ್ತು, ಮಳೆ ಬಿಟ್ಟಿತ್ತು, ತೋಟದಲ್ಲಿ ಅರೇಬಿಕಾ ಹಣ್ಣು ಕೆಂಪಾಗಿತ್ತು. ಮರುದಿನವೇ ಮೊದಲ ಕೊಯ್ಲು. ಬುಧವಾರ ಸಂಜೆಯೊಳಗೆ ಗಾಡಿಯ ಇಂಜೆಕ್ಟರ್ ಬದಲಾಯಿಸಿಕೊಂಡು, ಮೊದಲಿಗಿಂತ ಜೋರಾದ ಗಾಡಿಯಾಗಿ ಅದನ್ನು ಮನೆಗೆ ತರಬೇಕಿತ್ತು.

ಇಷ್ಟು ಅವಸರ ಯಾಕೆಂದು ಹೇಳಿಬಿಡುತ್ತೇನೆ. ನಮ್ಮ ಗುಡ್ಡದ ಮೇಲೆ ಐದು ಮನೆ. ಎಲ್ಲರ ತೋಟವೂ ಕೆಳಗೆ ಹಳ್ಳದ ಬದಿಗೆ. ಐದು ಮನೆಯವರು ಸೇರಿ ಇಟ್ಟುಕೊಂಡ ಪಲ್ಪರ್ ಮತ್ತು ಬಿಸಿಲು ಬೀಳುವ ಕಣ ಗುಡ್ಡದ ನೆತ್ತಿಯಲ್ಲಿ. ಕೊಯ್ದ ಹಣ್ಣಿನ ಸಿಪ್ಪೆ ಅದೇ ದಿನ ಪಲ್ಪರಿನಲ್ಲಿ ಬಿಡಿಸಬೇಕು. ಮೂಟೆಯಲ್ಲೇ ರಾತ್ರಿ ಕಳೆದರೆ ಹಣ್ಣು ಬಿಸಿಯಾಗಿ ಹುಳಿ ವಾಸನೆ ಹಿಡಿಯುತ್ತದೆ, ಒಣಗಿಸಿದ ಬೀಜಕ್ಕೂ, ಅಂದರೆ ಪಾರ್ಚ್‌ಮೆಂಟಿಗೂ, ಆ ವಾಸನೆ ಬಿಡುವುದಿಲ್ಲ. ಹಣ್ಣು ಮೇಲೆ ಸಾಗಿಸುವುದು ನನ್ನ ಪಿಕಪ್ಪಿನ ಕೆಲಸ. ನಡುವೆ ಇರುವುದು ಕೈಮುಗಿ ಏರು. ಅಲ್ಲಿ ದೇವರೂ ಇಲ್ಲ, ಗುಡಿಯೂ ಇಲ್ಲ. ಡ್ರೈವರುಗಳು ಹೆದರಿ ಕೈಮುಗಿಯುತ್ತಾರೆ, ಅಷ್ಟೆ.

ಎರಡು ವರ್ಷದಿಂದ ಪಿಕಪ್ ಅಲ್ಲಿ ಹನ್ನೆರಡು ಮೂಟೆಗೇ ಉಸಿರು ಬಿಡುತ್ತಿತ್ತು. ಅದರ ಹಿಂದೆ ಇಬ್ಬರು ಒಂದೊಂದು ಅಡೆಕಲ್ಲು ಹಿಡಿದು ನಡೆಯಬೇಕು, ಗಾಡಿ ನಿಂತ ತಕ್ಷಣ ಚಕ್ರದ ಹಿಂದೆ ಕಲ್ಲು ಕೊಡಬೇಕು. ಹೀಗೆ ನಿಂತು ನಿಂತು ಎರಡು ಸಲ ಹೋಗಿ ಬರುವಷ್ಟರಲ್ಲಿ ಕತ್ತಲಾಗಿ, ಹೋದ ವರ್ಷ ಎರಡು ದಿನದ ಹಣ್ಣು ಕೆಟ್ಟಿತು. ಈ ಸಲ ಪಕ್ಕದ ಮನೆಯ ನಾಗೇಶಣ್ಣ ಎಲ್ಲರ ಪರವಾಗಿ ಬಂದು ಹೇಳಿದ್ದರು: "ಬೇಜಾರು ಮಾಡ್ಕೋಬೇಡ ಸುಮಾ. ಮೊದಲ ಕೊಯ್ಲಿನ ದಿನ ಗಾಡಿ ಒಂದೇ ಸಲಕ್ಕೆ ಹತ್ತದಿದ್ರೆ ನಾವು ಟ್ರ್ಯಾಕ್ಟರ್‌ನವನಿಗೆ ಹೇಳ್ತೀವಿ." ಅವರು ಮೆತ್ತಗೇ ಹೇಳಿದರು. ಆದರೆ ಅವರ ಹಿಂದೆ ನಿಂತಿದ್ದ ಒಬ್ಬರು, "ಹೆಂಗಸು ಓಡಿಸೋ ಗಾಡಿ ಅಲ್ವಾ," ಎಂದದ್ದು ನನ್ನ ಕಿವಿಗೆ ಬಿತ್ತು. ಗಾಡಿ ಹತ್ತದೇ ಇದ್ದದ್ದಕ್ಕಿಂತ ಆ ಮಾತು ಹೆಚ್ಚು ಉರಿಯಿತು.

ಅತ್ತೆಯನ್ನು ನಾನು ಕರೆದಿರಲಿಲ್ಲ. ಅವರೇ ಚೀಲ ಹಿಡಿದು ಮುಂದಿನ ಸೀಟಿನಲ್ಲಿ ಕೂತಿದ್ದರು. ಚಿಕ್ಕಮಗಳೂರಿನ ಹತ್ತಿರ ವಸ್ತಾರೆಯಲ್ಲಿ ಅವರ ತಂಗಿಯ ಮನೆ, ರಾತ್ರಿ ಅಲ್ಲಿ ಉಳಿಯಬಹುದು ಎನ್ನುವುದು ನೆಪ. "ನೀನು ಸಿಟ್ಟಿನಲ್ಲಿ ಎಂತೆಂತದೋ ಒಪ್ಪಿಕೊಂಡು ಬರ್ತೀ ಮಾರಾಯ್ತಿ, ಒಬ್ಬರು ಜೊತೆಗೆ ಬೇಕು," ಎಂದರು. ಮಾತು ನಿಜವಾಗಿತ್ತು, ಗಾಡಿ ಸ್ಟಾರ್ಟ್ ಮಾಡಿದೆ.

ಕಳಸ ದಾಟಿ ಕೊಟ್ಟಿಗೆಹಾರದ ದಾರಿ ಹಿಡಿದಾಗ ಮಂಜು ಇನ್ನೂ ರಸ್ತೆಯ ಮೇಲೇ ಇತ್ತು. ಖಾಲಿ ಗಾಡಿಯೇ ಏರಿನಲ್ಲಿ ಮೂರನೇ ಗೇರಿಗೆ ಒಪ್ಪಲಿಲ್ಲ. ನಮ್ಮನ್ನು ಹಿಂದೆ ಹಾಕಿದವರನ್ನು ಅತ್ತೆ ಬೆರಳು ಮಡಚಿ ಎಣಿಸುತ್ತಿದ್ದರು: ಎರಡು ಬಸ್ಸು, ಮೂರು ಜೀಪು, ಒಂದು ಹಾಲಿನ ವ್ಯಾನು. "ಹಾಲಿನವನು ನಕ್ಕ," ಎಂದು ವರದಿ ಕೊಟ್ಟರು. ಕೊಟ್ಟಿಗೆಹಾರ ಮುಟ್ಟುವಾಗ ಎಂಟು ಗಂಟೆ. ಅಲ್ಲಿ ಒಂದು ಸಣ್ಣ ಹೋಟೆಲಿನಲ್ಲಿ ನೀರುದೋಸೆ, ಕಾಯಿಚಟ್ನಿ ತಿಂದೆವು. ದೋಸೆ ತೆಳ್ಳಗೆ, ಬಿಸಿಬಿಸಿ. ನಾನು ಐದು ತಿಂದೆ, ಅತ್ತೆ ಏಳು.

ಅದೇ ಹೋಟೆಲಿನಲ್ಲಿ ಕೂತಿದ್ದ ಒಬ್ಬ ಲಾರಿ ಡ್ರೈವರ್ ನಮ್ಮ ಪಾಡು ಕೇಳಿ, ತಾನೇ ತಜ್ಞನಾಗಿಬಿಟ್ಟ. "ಇಂಜೆಕ್ಟರಿಗೆ ದೊಡ್ಡ ನಾಝಲ್ ಹಾಕ್ಸಿ ಅಕ್ಕಾ. ಇದ್ದದ್ರಲ್ಲಿ ಎಲ್ಲಕ್ಕಿಂತ ದೊಡ್ಡದು. ಹಿಂದೆ ಕರೀ ಹೊಗೆ ದಬದಬ ಬಂದ್ರೆ ಪವರ್ ಬಂತು ಅಂತ ಲೆಕ್ಕ," ಎಂದ. ನನಗೆ ಆ ಮಾತು ತುಂಬಾ ಹಿಡಿಸಿತು. ಮೂಡಿಗೆರೆ, ಹ್ಯಾಂಡ್‌ಪೋಸ್ಟ್, ಆಲ್ದೂರು ದಾಟುವವರೆಗೂ ಟ್ರ್ಯಾಕ್ಟರ್‌ನವನ ಮುಖಕ್ಕೆ ಕರೀ ಹೊಗೆ ಬಿಡುವ ಕನಸು ಕಾಣುತ್ತಲೇ ಓಡಿಸಿದೆ. ಒಟ್ಟು ದಾರಿ ತೊಂಬತ್ತು ಕಿಲೋಮೀಟರಿನ ಆಸುಪಾಸು. ನಮಗೆ ನಾಲ್ಕೂವರೆ ಗಂಟೆ ಹಿಡಿಯಿತು.

ಚಿಕ್ಕಮಗಳೂರಿನಲ್ಲಿ ಡೀಸೆಲ್ ಪಂಪ್ ರಿಪೇರಿಯ ಸಾಹೇಬರ ಅಂಗಡಿ ಮುಖ್ಯರಸ್ತೆಯಿಂದ ಒಳಗಿನ ಓಣಿಯಲ್ಲಿದೆ. ಅರವತ್ತರ ಹತ್ತಿರದವರು, ಮಾತು ಕಡಿಮೆ, ಕೈ ಮಾತ್ರ ಬಹಳ ಶುಚಿ. ಅಂಗಡಿಯೂ ಹಾಗೇ, ನೆಲದಲ್ಲಿ ಒಂದು ತೊಟ್ಟು ಎಣ್ಣೆ ಇಲ್ಲ. ನಾನು ನಮ್ಮ ಏರಿನ ಕಷ್ಟ, ಲಾರಿ ಡ್ರೈವರನ ಸಲಹೆ ಎರಡನ್ನೂ ಹೇಳಿದೆ. ಸಾಹೇಬರು ಕೇಳಿಸಿಕೊಂಡು, "ಹೊಗೆ ಅಂದ್ರೆ ಉರೀದೇ ಹೋದ ಡೀಸೆಲ್ ಅಮ್ಮಾ. ಅದು ಪವರ್ ಅಲ್ಲ, ದಂಡ. ಎಂಜಿನ್ನೂ ಕಾಯುತ್ತೆ," ಎಂದರು. ಆಮೇಲೆ ನಾಲ್ಕೂ ಇಂಜೆಕ್ಟರ್ ಬಿಚ್ಚಿದರು. ನಮ್ಮದು ಕಂಪ್ಯೂಟರ್ ಇಲ್ಲದ ಹಳೇ ನಮೂನೆಯ ಗಾಡಿ. ಇಂಜೆಕ್ಟರಿನ ತುದಿಯಲ್ಲಿರುವ ನಾಝಲ್ಲಿನ ಕೂದಲೆಳೆಯಷ್ಟು ಸಣ್ಣ ತೂತುಗಳಿಂದ ಡೀಸೆಲ್ ಎಂಜಿನ್ನಿನೊಳಕ್ಕೆ ಸಿಡಿಯಬೇಕು, ಅಷ್ಟೇ ಅದರ ವಿದ್ಯೆ.

ಸಾಹೇಬರು ನಾಝಲ್ಲನ್ನು ಕನ್ನಡಕದ ಹತ್ತಿರ ಹಿಡಿದರು. ಆಮೇಲೆ ಫಿಲ್ಟರ್ ಬಿಚ್ಚಿ ಬಿಳಿ ಬಟ್ಟೆಯ ಮೇಲೆ ಬೋರಲು ಹಾಕಿದರು. ಬಟ್ಟೆಯ ಮೇಲೆ ಕಪ್ಪು ಅಂಟಿನ ಜೊತೆ ನೀಲಿ ಬಣ್ಣದ ರಾಡಿ ಬಿತ್ತು.

"ಅಮ್ಮಾ," ಎಂದರು ಸಾಹೇಬರು ನಿಧಾನಕ್ಕೆ, "ನೀವು ಗಾಡಿಗೂ ಮದ್ದು ಹೊಡೀತೀರಾ?"

ಅತ್ತೆ ಬಗ್ಗಿ ನೋಡಿದರು. ಅವರಿಗೆ ಒಂದು ಕ್ಷಣವೂ ಬೇಕಾಗಲಿಲ್ಲ. "ಮೈಲುತುತ್ತ!" ಎಂದರು.

ನನಗೆ ಭೂಮಿ ಬಾಯಿಬಿಟ್ಟರೆ ಸಾಕು ಅನಿಸಿತು. ಮಳೆಗಾಲಕ್ಕೆ ಮುಂಚೆ ಕಾಫಿ, ಅಡಿಕೆಗೆ ಮೈಲುತುತ್ತ ಮತ್ತು ಸುಣ್ಣ ಕಲಸಿ ಮದ್ದು ಹೊಡೆಯುವುದು ನಮ್ಮಲ್ಲಿ ಎಲ್ಲರ ಮನೆಯ ಕೆಲಸ. ಬಂಕು ದೂರವಾದ್ದರಿಂದ ಡೀಸೆಲ್ಲನ್ನು ಕ್ಯಾನಿನಲ್ಲಿ ತಂದಿಡುವುದೂ ಎಲ್ಲರ ಮನೆಯಲ್ಲಿದೆ. ಎರಡು ವರ್ಷದ ಹಿಂದೆ ಡೀಸೆಲ್ ಕ್ಯಾನು ತೂತಾದಾಗ ಮದ್ದಿನ ಕ್ಯಾನನ್ನು ಎರಡು ಸಲ ನೀರಲ್ಲಿ ಕುಲುಕಿ, ಅದರಲ್ಲೇ ಡೀಸೆಲ್ ತುಂಬಿದವಳು ನಾನು. ಅಂದಿನಿಂದ ಅದೇ ಕ್ಯಾನು, ಅದೇ ಆಲಿಕೆ. ತಾಮ್ರದ ಅಂಶ ಸೇರಿದರೆ ಡೀಸೆಲ್ ಅಂಟಾಗುತ್ತದಂತೆ, ಸುಣ್ಣದ ಹುಡಿ ನಾಝಲ್ಲನ್ನು ಉಜ್ಜಿ ಸವೆಸುತ್ತದಂತೆ. ಇಷ್ಟು ದಿನ ನಾನು ಹೇಳಿಕೊಂಡು ಬಂದದ್ದೇನು? ನನ್ನ ಗಂಡ ಶ್ರೀಧರ ಕ್ಲಚ್ಚಿನ ಮೇಲೆ ಕಾಲಿಟ್ಟು ಓಡಿಸಿ ಗಾಡಿ ಹಾಳುಮಾಡಿದರು ಎಂದು. ಅದನ್ನು ಐದು ಮನೆಗೂ ಕೇಳುವ ಹಾಗೆ ಹೇಳಿದ್ದೆ. ಪಾಪ, ಆ ಮನುಷ್ಯ ಒಂದು ವರ್ಷದಿಂದ ಸ್ಟೇರಿಂಗ್ ಮುಟ್ಟಿರಲಿಲ್ಲ.

"ಹಾಗಾದ್ರೆ ಇದನ್ನೇ ತೊಳೆದು ಹಾಕಿದ್ರೆ ಸಾಕಾ ಸಾಹೇಬ್ರೇ?" ಎಂದು ಸಣ್ಣ ದನಿಯಲ್ಲಿ ಕೇಳಿದೆ.

"ಸವೆದದ್ದು ತೊಳೆದ್ರೆ ಬರಲ್ಲ. ಹೊಸದರಲ್ಲಿ ನಿಮ್ಮ ಏರು ಎಷ್ಟು ಮೂಟೆ ಹತ್ತುತ್ತಿತ್ತು?"

"ಹದಿನೆಂಟು."

"ಈಗ ಎಷ್ಟು ಹತ್ತಬೇಕು?"

"ಇಪ್ಪತ್ನಾಲ್ಕು."

"ಟರ್ಬೊ ಇರೋ ಎಂಜಿನ್ನು, ಗಾಳಿ ಸಾಕಷ್ಟಿದೆ. ಒಂದು ಸೈಜ್ ದೊಡ್ಡ ನಾಝಲ್ ಹಾಕೋಣ, ಒಂದೇ ಸೈಜ್. ಟ್ಯಾಂಕ್ ಇಳಿಸಿ ತೊಳೀತೀನಿ. ನಾಳೆ ಬೆಳಿಗ್ಗೆ ಬನ್ನಿ. ಆ ಕ್ಯಾನು ಮಾತ್ರ..."

"ಬಾವಿಗೆ ಹಾಕ್ತೀನಿ," ಎಂದೆ.

"ಬಾವಿಗೂ ಬೇಡ," ಎಂದರು ಅತ್ತೆ.

ಸಂಜೆ ಸರ್ಕಾರಿ ಬಸ್ಸಿನಲ್ಲಿ ವಸ್ತಾರೆಗೆ ಹೋದೆವು. ಹೆಂಗಸರಿಗೆ ದುಡ್ಡಿಲ್ಲದ ಟಿಕೆಟ್ಟು, ಆದರೆ ಆಲ್ದೂರಿನವರೆಲ್ಲ ಆ ಬಸ್ಸಿಗೇ ಹತ್ತಿದ್ದರಿಂದ ಕೊನೆಯವರೆಗೂ ನಿಂತೇ ಇದ್ದೆವು. ಅತ್ತೆಯ ತಂಗಿ ಅಕ್ಕಿರೊಟ್ಟಿ, ಉಪ್ಪಿನಲ್ಲಿಟ್ಟಿದ್ದ ಕಳಲೆಯ ಪಲ್ಯ ಮಾಡಿದ್ದರು. ಉಣ್ಣುವ ಮೊದಲು ಅಂಗಳಕ್ಕೆ ಬಂದು ಗಂಡನಿಗೆ ಫೋನ್ ಮಾಡಿದೆ. ಕ್ಯಾನಿನ ಕಥೆ ಪೂರ್ತಿ ಹೇಳಿ, "ತಪ್ಪು ನಂದು ರೀ. ನಿಮ್ಮನ್ನು ಸುಮ್ಮನೆ ಅಂದೆ," ಎಂದೆ. ಅವರು ಮೊದಲು ಗಾಡಿ ಯಾವಾಗ ಸಿಗುತ್ತದೆ ಎಂದು ಕೇಳಿದರು. ಆಮೇಲೆ, "ಇದನ್ನ ನಾಗೇಶಣ್ಣನ ಎದುರಿಗೂ ಒಂದ್ಸಲ ಹೇಳ್ತೀಯಾ?" ಎಂದರು. ಹೇಳುತ್ತೇನೆ ಎಂದೆ. "ಹಾಗಾದ್ರೆ ಸರಿ. ಊಟ ಮಾಡು," ಎಂದರು. ನನಗೆ ಅಳು ಬಂತು. ಅತ್ತೆ ನೋಡಿದರು, ನೆಗಡಿ ಎಂದುಕೊಂಡರೋ ಏನೋ, ಸಾರಿಗೆ ಇನ್ನೊಂದಿಷ್ಟು ಕಾಳುಮೆಣಸು ಹಾಕಿಸಿದರು.

ಬುಧವಾರ ಬೆಳಿಗ್ಗೆ ಒಂಬತ್ತಕ್ಕೆ ಅಂಗಡಿಯಲ್ಲಿದ್ದೆವು. ಹೊಸ ನಾಝಲ್ ಕೂರಿಸಿದ ಇಂಜೆಕ್ಟರನ್ನು ಸಾಹೇಬರು ಮೇಜಿನ ಮೇಲಿನ ಕೈಪಂಪಿಗೆ ಬಿಗಿದು, ಹಿಡಿ ಒತ್ತಿದರು. ಟರ್ರ್ ಎಂದು ಸದ್ದಾಗಿ ಡೀಸೆಲ್ ಸಿಡಿಯಿತು. ಅತ್ತೆ ತಟ್ಟನೆ ಅಂಗೈ ಚಾಚಿದರು.

"ಕೈ ತೆಗೀರಿ ಅಮ್ಮಾ!" ಸಾಹೇಬರು ಕಿರುಚಿದ್ದು ಓಣಿಯ ಆಚೆಗೆ ಕೇಳಿರಬೇಕು. ಆ ಒತ್ತಡಕ್ಕೆ ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತದೆ, ಕೈಯೇ ಹೋಗಬಹುದಂತೆ. ಅತ್ತೆಗೆ ಅದು ಹೇಗೆ ಗೊತ್ತಿರಬೇಕು? ನಲವತ್ತು ವರ್ಷ ತೋಟದಲ್ಲಿ ಮದ್ದಿನ ಗನ್ ಹಿಡಿದವರು ಅವರು. ಸ್ಪ್ರೇ ಸರಿಯಿದೆಯೋ ಇಲ್ಲವೋ ಎಂದು ಅಂಗೈಗೆ ಹಿಡಿದು ನೋಡುವುದೇ ಅವರಿಗೆ ರೂಢಿ. "ಮಂಜಿನ ಹಾಗೆ ಬೀಳ್ಬೇಕು, ಮಳೆ ಹಾಗೆ ಬೀಳ್ಬಾರ್ದು. ಅದು ಕೈಗೇ ಗೊತ್ತಾಗೋದು," ಎಂದರು ಮುಖ ಸಣ್ಣ ಮಾಡಿಕೊಂಡು.

ಸಾಹೇಬರು ಕೈಪಂಪು ಬಿಟ್ಟು ಅವರನ್ನೇ ನೋಡಿದರು. "ಅದೇ ಮಾತು ನನ್ನ ಉಸ್ತಾದ್ ಹೇಳ್ತಿದ್ರು," ಎಂದು, ಹಳೇ ಕ್ಯಾಲೆಂಡರಿನ ಹಾಳೆಗಳನ್ನು ತೆಗೆದು, ನಮ್ಮನ್ನು ದೂರ ನಿಲ್ಲಿಸಿ, ನಾಲ್ಕು ಇಂಜೆಕ್ಟರಿನ ಎದುರಿಗೂ ಒಂದೊಂದು ಹಾಳೆ ಆನಿಸಿಟ್ಟು ಹಿಡಿ ಒತ್ತಿದರು. ಪ್ರತಿ ಹಾಳೆಯಲ್ಲೂ ಐದು ತೂತಿನ ಐದು ಗುರುತು. ನನಗೆ ನಾಲ್ಕೂ ಒಂದೇ ಥರ ಕಂಡವು. ಸಾಹೇಬರೂ ತಲೆಯಾಡಿಸಿ ಸ್ಪ್ಯಾನರ್ ತೆಗೆದುಕೊಂಡರು.

"ಈ ಮೂರನೇದು ಬೇಡ," ಎಂದರು ಅತ್ತೆ. "ಇಲ್ಲಿ ನೋಡಿ, ಈ ಒಂದು ಗುರುತಿನ ಅಂಚು ಒದ್ದೆ. ಇದು ಮಂಜಲ್ಲ, ಹನಿ."

ಹೊಸ ನಾಝಲ್ ಅದು, ಪೊಟ್ಟಣದಿಂದ ಆಗ ತಾನೇ ತೆಗೆದದ್ದು. ಸಾಹೇಬರು ಸ್ವಲ್ಪ ಮುನಿಸಿಕೊಂಡೇ ಮತ್ತೆ ಕೈಪಂಪಿಗೆ ಹಾಕಿ ಮೆಲ್ಲಗೆ ಒತ್ತಿ ಹಿಡಿದರು. ತುದಿಯಲ್ಲಿ ಒಂದು ಹನಿ ಮೂಡಿ, ದಪ್ಪವಾಗಿ, ಕೆಳಗೆ ಬಿತ್ತು. ಅವರು ಅದನ್ನು ಬಿಚ್ಚಿ, ಬೇರೆ ನಾಝಲ್ ಹಾಕಿ, ಹೊಸ ಹಾಳೆಯನ್ನು ನೇರ ಅತ್ತೆಯ ಕೈಗೇ ಕೊಟ್ಟರು. ಅತ್ತೆ ಬೆಳಕಿಗೆ ಹಿಡಿದು ನೋಡಿ, "ಇದು ಸರಿ," ಎಂದ ಮೇಲೆಯೇ ಗಾಡಿಗೆ ಹಾಕಿದರು. ಟೀ ತರಿಸಿ ಮೊದಲ ಲೋಟ ಅವರಿಗೇ ಕೊಟ್ಟರು.

ಹೊರಡುವಾಗ ಹನ್ನೆರಡೂವರೆ. ಹೊಗೆ ತಪಾಸಣೆಯಲ್ಲಿ ಪಾಸಾಗಿ ಚೀಟಿ ತೆಗೆದುಕೊಂಡೆವು. ಆಲ್ದೂರಿನ ಏರಿನಲ್ಲಿ ಮೂರನೇ ಗೇರಿನಲ್ಲಿ ಕಾಲು ಒತ್ತಿದಾಗ ಗಾಡಿ ಹಿಂದಿನಿಂದ ಯಾರೋ ತಳ್ಳಿದ ಹಾಗೆ ಎದ್ದು ಹೋಯಿತು. ನಾನು ಕೂಗಿಯೇಬಿಟ್ಟೆ. ಕೊಟ್ಟಿಗೆಹಾರ ದಾಟಿದ ಮೇಲೆ ಮುಂದೆ ಅದೇ ಹಾಲಿನ ವ್ಯಾನು ಸಿಕ್ಕಿತು. ಅದನ್ನು ಹಿಂದೆ ಹಾಕುವಾಗ ಅತ್ತೆ ಕಿಟಕಿಯ ಗಾಜು ಇಳಿಸಿ, ಅವನಿಗೆ ಚೆನ್ನಾಗಿ ಕಾಣುವ ಹಾಗೆ ನಕ್ಕರು.

ನಾಲ್ಕು ಗಂಟೆಗೆ ಕೈಮುಗಿ ಏರಿನ ಬುಡದಲ್ಲಿದ್ದೆವು. ಐದು ಮನೆಯವರೂ ಅಲ್ಲೇ ಇದ್ದರು, ದಿನದ ಕೊಯ್ಲು ಇಪ್ಪತ್ನಾಲ್ಕು ಮೂಟೆ ಸಾಲಾಗಿ ನಿಂತಿತ್ತು. ನಾಗೇಶಣ್ಣನ ಕೈಯಲ್ಲಿ ಫೋನು. "ಟ್ರ್ಯಾಕ್ಟರ್‌ನವನಿಗೆ ಹೇಳ್ಲಾ ಸುಮಾ?" ಎಂದರು.

"ಪೂರ್ತಿ ತುಂಬಿ," ಎಂದೆ. ತುಂಬಿದರು. ರೂಢಿಯಂತೆ ನಾಗೇಶಣ್ಣ ಮತ್ತು ನನ್ನ ಗಂಡ ಒಂದೊಂದು ಅಡೆಕಲ್ಲು ಎತ್ತಿಕೊಂಡು ಹಿಂದೆ ನಿಂತರು. ಇಳಿಯಿರಿ ಎಂದರೆ ಅತ್ತೆ ಇಳಿಯಲಿಲ್ಲ. "ನಾ ಪಾಸು ಮಾಡಿದ ನಾಝಲ್ಲು," ಎಂದರು.

ಎರಡನೇ ಗೇರು. ಮೊದಲ ತಿರುವು ದಾಟಿತು. ನಡುವಿನ ಕಡಿದಾದ ಜಾಗ ಬಂತು. ಎರಡು ವರ್ಷದಲ್ಲಿ ಒಂದು ದಿನವೂ ನಿಲ್ಲದೆ ಅಲ್ಲಿಂದ ಮುಂದೆ ಹೋದದ್ದಿಲ್ಲ. ಸದ್ದು ಸ್ವಲ್ಪ ಭಾರವಾಯಿತು. ಕಾಲು ಇನ್ನಷ್ಟು ಒತ್ತಿದೆ. ಗಾಡಿ ಬಿಗಿ ಹಿಡಿದು, ಒಂದೇ ಸಮನೆ, ನಡುವಿನ ಜಾಗವನ್ನೂ ಕೊನೆಯ ತಿರುವನ್ನೂ ದಾಟಿ ಕಣದ ಅಂಚಿಗೆ ಬಂದು ನಿಂತಿತು. ನಾನು ನಿಲ್ಲಿಸಿದ್ದಕ್ಕೆ ನಿಂತಿತು, ಬಿಸಿಲು ಇನ್ನೂ ಕಣದಲ್ಲಿರುವಾಗಲೇ.

ಇಳಿದು ಕೆಳಗೆ ನೋಡಿದೆ. ನಡುದಾರಿಯಲ್ಲಿ ನಾಗೇಶಣ್ಣ ಮತ್ತು ನನ್ನ ಗಂಡ ಏದುಸಿರು ಬಿಡುತ್ತ ನಿಂತಿದ್ದರು, ಕೈಯಲ್ಲಿ ಇನ್ನೂ ಆ ಕಲ್ಲು. ಮೊದಲು ಕೊಟ್ಟ ಮಾತು ಮುಗಿಸಿಬಿಡೋಣ ಎಂದು ಗುಡ್ಡಕ್ಕೆಲ್ಲ ಕೇಳುವ ಹಾಗೆ ಕೂಗಿದೆ: "ನಾಗೇಶಣ್ಣಾ, ಗಾಡಿ ಹಾಳು ಮಾಡಿದ್ದು ಇವರಲ್ಲ, ನಾನು! ಮದ್ದಿನ ಕ್ಯಾನಲ್ಲಿ ಡೀಸೆಲ್ ಹಾಕಿದ್ದು ನಾನು!"

ನನ್ನ ಗಂಡ ನಗುತ್ತ ಕಲ್ಲನ್ನು ರಸ್ತೆಯ ಬದಿಗೆ ಹಾಕಲು ಬಗ್ಗಿದರು. ಅಷ್ಟರಲ್ಲಿ ಗಾಡಿಯ ಕಿಟಕಿಯಿಂದ ಅತ್ತೆಯ ದನಿ ಬಂತು.

"ಅಲ್ಲಿ ಬಿಸಾಡ್ಬೇಡಿ ಮಾರಾಯ್ರೇ, ಎರಡನ್ನೂ ಮೇಲೆ ತನ್ನಿ! ಪಲ್ಪರ್ ಮನೆ ಬಾಗಿಲಿಗೆ ಒಂದು ಮೆಟ್ಟಿಲು ಮಾಡೋಣ. ಇನ್ನು ಅದಕ್ಕೆ ಬೇರೆ ಕೆಲಸ ಇಲ್ಲ."