ಹಾಡಿನಷ್ಟೇ ಹೊತ್ತು

ಆ್ಯಪ್ ಬಿಡುಗಡೆಯ ದಿನ ಎದುರುಮನೆ ಮಾಮ ಇಸ್ತ್ರಿ ಮಾಡಿದ ಜುಬ್ಬಾವನ್ನು ಒಳಮೈ ಹೊರಗಾಗಿ ತೊಟ್ಟಿದ್ದರು. ಹೊಲಿಗೆ, ದಾರದ ತುದಿ ಎಲ್ಲ ಕಾಣುತ್ತಿತ್ತು. ಅತ್ತೆ ತೀರಿಕೊಂಡ ಮೇಲೆ ಇಂಥದ್ದನ್ನು ಹೇಳುವವರು ಆ ಮನೆಯಲ್ಲಿ ಇರಲಿಲ್ಲ. ಚಾಮರಾಜಪೇಟೆಯ ಆ ಹಜಾರದಲ್ಲಿ ಗೋಡೆಯುದ್ದಕ್ಕೂ ಕುರ್ಚಿ ಹಾಕಿದ್ದರು. ಬಂದವರು ನಾನು ಮತ್ತು ಮೂಲೆಯ ಕಾಫಿಪುಡಿ ಅಂಗಡಿ ಯಜಮಾನರು, ಇಬ್ಬರೇ. ಲ್ಯಾಪ್‌ಟಾಪಿಗೆ ಕುಂಕುಮ ಇಟ್ಟಾಗಿತ್ತು.

ರಾಮನವಮಿ ಚಪ್ಪರದಲ್ಲಿ ಕೂತು ಸಂಗೀತ ಕಚೇರಿಗಳನ್ನು ರೆಕಾರ್ಡ್ ಮಾಡಿ ಕೇಳಿದವರಿಗೆಲ್ಲ ಹಂಚುತ್ತಿದ್ದ ಮಾಮ, ನಿವೃತ್ತರಾದ ಮೇಲೆ ತಾವೇ ಕಲಿತು, ಆ ಹಾಡುಗಳನ್ನು ನಮ್ಮ ಫೋನಿಗೆ ಇಳಿಸುವ ಪುಟ್ಟ ಆ್ಯಪ್ ಬರೆದಿದ್ದರು. ಅವರ ಮನೆಯಲ್ಲಿ ಕೂತರೆ ಮಾತ್ರ ಅದು ನಡೆಯುತ್ತಿತ್ತು.

ಲ್ಯಾಪ್‌ಟಾಪಿನಲ್ಲಿ ಹಾಡು ಕೇಳಿಸುತ್ತಿತ್ತು, ಫೋನಿಗೆ ಇನ್ನೂ ಇಳಿದಿರಲಿಲ್ಲ. ಯಜಮಾನರು ಫೋನು ನೋಡಿ ನೋಡಿ ಸೋತರು. "ಏನ್ ಸಾರ್, ಎತ್ತಿನಗಾಡಿ ಕಟ್ಟಿದೀರಾ? ನನ್ ಮೊಮ್ಮಗಳು ಕಣ್ ಮುಚ್ಚಿ ಬಿಡೋದ್ರಲ್ಲಿ ಕಳಿಸ್ತಾಳೆ!"

"ಕೂತ್ಕೊಳ್ರೀ. ನಿಮ್ ಪುಡೀದೇ ಡಿಕಾಕ್ಷನ್ನು, ಇಳೀಬೇಕಲ್ಲ."

"ಅಂಗಡಿ ಬಿಟ್ ಬಂದಿದೀನಿ ಸಾರ್," ಎಂದು ಅವರು ಅರ್ಧಕ್ಕೇ ಎದ್ದರು.

"ಅರ್ಧ ಆಲಾಪನೆಗೆ ಏಳೋನು ಅರ್ಧ ಊಟಕ್ಕೂ ಏಳ್ತಾನೆ." ಇದು ಮಾಮನ ಹಳೇ ಮಾತು. ಈ ಸಲ ಬಾಗಿಲ ಕಡೆ ನೋಡಿಕೊಂಡು, ಮೆಲ್ಲಗೆ ಅಂದರು.

ನಾನು ಕೂತೇ ಇದ್ದೆ. "ಮಾಮ, ಎಲ್ಲೋ ತಪ್ಪಾಗಿದೆ. ಹಾಡು ಎಷ್ಟು ಹೊತ್ತೋ ಫೋನಿಗೆ ಇಳಿಯೋಕೂ ಅಷ್ಟೇ ಹೊತ್ತು ಹಿಡೀತಿದೆ."

"ತಪ್ಪಲ್ಲ ಕಣೋ. ಹಾಗೇ ಬರೆದಿರೋದು." ಕಾಫಿ ಲೋಟ ಕೈಗಿಟ್ಟರು. "ಎರಡು ಟೇಪ್‌ರೆಕಾರ್ಡರ್ ಜೋಡಿಸಿ ಕ್ಯಾಸೆಟ್ ಕಾಪಿ ಮಾಡ್ತಿದ್ನಲ್ಲ, ಆಗ ಮುಗಿಯೋವರೆಗೂ ಯಾರೂ ಏಳ್ತಿರ್ಲಿಲ್ಲ. ನಿಮ್ಮತ್ತೆ ಹುರಿಗಾಳು ಹುರಿದೂ ಹುರಿದೂ ಬೈಯೋಳು. ಬೇಗ ಆಗೋ ಹಾಗೆ ಮಾಡಿದ್ರೆ ನೀನೂ ಹೊರಟ್ಬಿಡ್ತೀಯ."

ಆಮೇಲೆ ಭಾನುವಾರಕ್ಕೊಂದು ಹಾಡಿನಂತೆ ಹೋಗುತ್ತಿದ್ದೆ. ಮುಗಿಯುವವರೆಗೆ ಕೂತು ಕೇಳುವುದನ್ನು ನಾನು ಕಲಿತದ್ದು ಆ ಹಜಾರದಲ್ಲೇ. ಬೇರೆ ಯಾರೂ ಬರಲಿಲ್ಲ. ಆದರೂ ಕುರ್ಚಿಗಳನ್ನು ಮಾಮ ಒಳಗಿಡಲಿಲ್ಲ. ಪ್ರತಿ ಶನಿವಾರ ಧೂಳು ಒರೆಸುತ್ತಿದ್ದರು.

ಹೋದ ವರ್ಷ ಮಾಮ ಹೋದರು. ವೈಕುಂಠ ಸಮಾರಾಧನೆ ಮುಗಿದ ಮೇಲೆ ಮನೆ ಖಾಲಿ ಮಾಡಲು ಬಂದಿದ್ದ ಅವರ ತಂಗಿಯ ಮಗ ನನ್ನನ್ನು ಕರೆದ. "ಹಾಡೆಲ್ಲ ನಿಮಗೇ ಕೊಡ್ಬೇಕು ಅಂದಿದ್ರು, ಸಾರ್," ಎಂದು ಲ್ಯಾಪ್‌ಟಾಪಿಗೆ ಪೆನ್‌ಡ್ರೈವ್ ಸಿಕ್ಕಿಸಿದ. ನಾನು ಎಂದಿನಂತೆ ಗೋಡೆ ಪಕ್ಕದ ಕುರ್ಚಿ ಎಳೆದುಕೊಂಡೆ.

ಕೂತಿರಲಿಲ್ಲ ಇನ್ನೂ. "ಆಯ್ತು ಸಾರ್, ತಗೊಳ್ಳಿ," ಅಂದ.