ಊರು ಕೇಳಿದ ತಪ್ಪಿಗೆ

ಗಂಡನ ಮನೆಯ ಹೊಡೆತ ತಾಳದೆ ಬಂದ ಹೆಂಗಸರನ್ನು ಇರಿಸಿಕೊಳ್ಳುವ ಆಶ್ರಯಮನೆಯೊಂದು ಮಂಡ್ಯದಲ್ಲಿದೆ. ನಾನು ಅಲ್ಲಿ ಅಡುಗೆಯವಳು. ಕೆಲಸಕ್ಕೆ ಸೇರಿದ ದಿನವೇ ಅಲ್ಲಿನ ಮೇಡಂ ಹೇಳಿದ್ದರು: ಬಂದವರಿಗೆ ಊಟ ಹಾಕಿ, ಊರು ಕೇಳಬೇಡಿ. ನಾನು ತಲೆಯಾಡಿಸಿದ್ದೆ. ಆದರೆ ನಮ್ಮ ಕಡೆ ಹೊಸಬರು ಎದುರಿಗೆ ಕೂತರೆ ಊರು ಕೇಳದೆ ಇರುವುದುಂಟೇ? ಬಸ್ಸಿನಲ್ಲಿ ಪಕ್ಕ ಕೂತವರ ತಾತನ ತನಕ ವಿಚಾರಿಸಿ, ಏನಾದರೊಂದು ನೆಂಟಸ್ತಿಕೆ ಹುಡುಕಿಯೇ ಇಳಿಯುವವಳು ನಾನು.

ಆ ಹುಡುಗಿ ಬಂದದ್ದು ಚಿಕ್ಕರಸಿನಕೆರೆ ಕಡೆಯಿಂದ, ಕಂಕುಳಲ್ಲಿ ಮಗು. ಅವರೂರಿನ ಅಂಗನವಾಡಿ ಟೀಚರ್, ಮಗುವಿಗೆ ಚುಚ್ಚುಮದ್ದು ಹಾಕಿಸಬೇಕೆಂದು ಅವಳ ಅತ್ತೆಗೆ ಹೇಳಿ, ತಾಯಿ ಮಗು ಇಬ್ಬರನ್ನೂ ಮದ್ದೂರು ಆಸ್ಪತ್ರೆಗೆಂದು ಹೊರಡಿಸಿದ್ದರು. ಮದ್ದೂರಿನಲ್ಲಿ ಇಳಿದವರು ಆಸ್ಪತ್ರೆಗೆ ಹೋಗದೆ ಮಂಡ್ಯದ ಬಸ್ಸು ಹತ್ತಿದರು. ಗಂಡ ಹೊಡೆದ ಏಟಿಗೆ ಹುಡುಗಿಯ ಎಡಗಿವಿ ಸರಿಯಾಗಿ ಕೇಳುತ್ತಿರಲಿಲ್ಲ. ಮೇಡಂ ಡಾಕ್ಟರಿಗೆ ತೋರಿಸಿದರು, ವಕೀಲರನ್ನು ಕರೆಸಿದರು, ಗಂಡ ಹತ್ತಿರ ಸುಳಿಯದಂತೆ ಕೋರ್ಟಿನಿಂದ ಆದೇಶ ತರಲು ಅರ್ಜಿ ಬರೆಸಿದರು. ಆದೇಶಕ್ಕೆ ಒಂದು ವಾರವಾದರೂ ಬೇಕಿತ್ತು. ಅಲ್ಲಿಯವರೆಗೆ ಅವಳು ಎಲ್ಲಿದ್ದಾಳೆಂದು ಯಾರಿಗೂ ತಿಳಿಯಬಾರದಿತ್ತು, ಅಷ್ಟೇ.

ಎರಡನೆಯ ದಿನ ಅವಳು ನನ್ನ ಪಕ್ಕ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ನನ್ನ ಬಾಯಿ ತಡೆಯಲಿಲ್ಲ. "ತವರು ಯಾವೂರಾಯ್ತವ್ವ?" ಎಂದೆ. ಮಳವಳ್ಳಿ ಹತ್ತಿರದ ನನ್ನ ತವರೂರೇ ಅವಳದೂ. ಅವಳ ತಾಯಿ ನಮ್ಮ ಹಿಂದಿನ ಬೀದಿಯವಳು, ನನ್ನ ಜೊತೆ ಕುಂಟೆಬಿಲ್ಲೆ ಆಡಿದವಳು. ನಾನು ಎದ್ದು ಕುಣಿಯುವುದೊಂದು ಬಾಕಿ. ಬಂದಾಗಿನಿಂದ ಮೊದಲ ಸಲ ಅವಳೂ ನಕ್ಕಳು, ನನ್ನನ್ನು ದೊಡ್ಡವ್ವ ಎಂದಳು. ಆಮೇಲೆ ಮುಖ ಸಣ್ಣದಾಯಿತು. "ನಮ್ಮವ್ವ ನಾನು ನಾಲೆಗೆ ಬಿದ್ದೆ ಅಂದ್ಕಂಡಿರ್ತಾಳೆ ದೊಡ್ಡವ್ವ" ಎಂದಳು. ಅವತ್ತು ಮಧ್ಯಾಹ್ನ ಮುದ್ದೆ ಮುಟ್ಟಲಿಲ್ಲ.

ಮೇಡಂ ಕೋರ್ಟಿಗೆ ಹೋಗಿದ್ದರು. ಊರಲ್ಲಿರುವ ಅತ್ತಿಗೆಯಿಂದ ನಂಬರು ಕೇಳಿ ಪಡೆದು ಆ ತಾಯಿಗೆ ಫೋನ್ ಮಾಡಿದೆ. ಮಗಳು, ಮೊಮ್ಮಗು ಚೆನ್ನಾಗಿದ್ದಾರೆ, ಮಂಡ್ಯದಲ್ಲಿ ನಾನು ಕೆಲಸ ಮಾಡುವ ಆಶ್ರಯಮನೆಯಲ್ಲೇ ಇದ್ದಾರೆ, ಅಳಬೇಡ ಎಂದೆ. ಆ ಕಡೆಯಿಂದ ಅವಳು ಹೋ ಎಂದು ಅತ್ತಳು. ನಾಲೆಯ ಉದ್ದಕ್ಕೂ ಹುಡುಕಿಸಿದ್ದರಂತೆ. ಒಳ್ಳೆಯ ಕೆಲಸ ಮಾಡಿದೆನೆಂದು ಹಿಗ್ಗಿದೆ, ಮೂರ್ಖ ಮುಂಡೇದು. ಯಾರಿಗೂ ಹೇಳಬೇಡ ಅನ್ನಬೇಕೆಂದೂ ಹೊಳೆಯಲಿಲ್ಲ.

ಮಾರನೆಯ ಬೆಳಿಗ್ಗೆ ಗೇಟಿನ ಮುಂದೆ ಬಾಡಿಗೆ ವ್ಯಾನು ನಿಂತಿತ್ತು. ತಾಯಿ, ಗಂಡ, ಊರಿನ ಇಬ್ಬರು ಯಜಮಾನರು. ಗಂಡ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಕೈ ಮುಗಿದು ನಿಂತಿದ್ದ. ನೋಡಿದವರು ಏಟು ತಿಂದವನು ಇವನೇ ಎನ್ನಬೇಕು, ಹಾಗಿದ್ದ. ಮೇಡಂ ಗಂಡಸರನ್ನು ಹೊರಗೇ ನಿಲ್ಲಿಸಿ, ತಾಯಿಯನ್ನು ಮಾತ್ರ ಒಳಗೆ ಬಿಟ್ಟರು. ಅವಳು ಮಗಳ ಮುಂದೆ ಸೆರಗೊಡ್ಡಿದಳು.

"ನಿನ್ ತಂಗಿ ಮದ್ವೆ ಮುಂದದೆ ಕಣವ್ವ. ಇದೊಂದ್ ಸಲ ಬಂದ್ಬುಡು" ಎಂದಳು.

ಮೇಡಂ ಹುಡುಗಿಯ ಬಲಗಡೆ ಕೂತು, ಹೋಗಲೇಬೇಕೆಂದಿಲ್ಲ, ಪೊಲೀಸರನ್ನು ಕರೆಸುತ್ತೇನೆ, ನಿನಗೆ ಬೇಕಾದಷ್ಟು ದಿನ ಇಲ್ಲೇ ಇರಬಹುದು ಎಂದು ಬಿಡಿಸಿ ಹೇಳಿದರು. ಅವಳು ಎಲ್ಲ ಕೇಳಿಸಿಕೊಂಡಳು. ನೆಲದ ಮೇಲೆ ಕೂತ ತಾಯಿಯನ್ನು ನೋಡಿ ಎದ್ದಳು. ಇಷ್ಟಪಟ್ಟೇ ಹೋಗುತ್ತಿದ್ದೇನೆಂದು ಬರೆದು ಸಹಿ ಹಾಕಿದವಳನ್ನು ತಡೆಯುವ ಅಧಿಕಾರ ನಮಗಿಲ್ಲ. ಹೊರಡುವ ಮುಂಚೆ ಅಡುಗೆಮನೆ ಬಾಗಿಲಿಗೆ ಬಂದಳು. "ಅವ್ವಂಗೆ ನೀವೇ ಯೋಳಿದ್ದು ಅಂತ ಗೊತ್ತು. ನೊಂದ್ಕಬ್ಯಾಡಿ ದೊಡ್ಡವ್ವ" ಎಂದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಮೇಡಂ ಮುಂದೆ ತಪ್ಪೊಪ್ಪಿಕೊಂಡು ಕೆಲಸ ಬಿಡುತ್ತೇನೆಂದೆ. ಬಿಟ್ಟರೆ ಅವಳು ವಾಪಸ್ ಬರುತ್ತಾಳಾ ಎಂದು ಕೇಳಿ, ಅವರು ಅಂಗನವಾಡಿ ಟೀಚರಿಗೆ ಫೋನ್ ಮಾಡಿದರು. ಈಗ ನಮ್ಮ ಕೈಲಾಗುವುದು ಅಷ್ಟೇ. ತಿಂಗಳಿಗೊಮ್ಮೆ ಟೀಚರ್ ಮಗುವಿನ ತೂಕ ನೋಡುವ ನೆಪದಲ್ಲಿ ಅವಳ ಗಂಡನ ಮನೆಗೆ ಹೋಗುತ್ತಾರೆ. ಅವರನ್ನು ಹೊಸಿಲು ದಾಟಲು ಬಿಡುವುದಿಲ್ಲ; ಜಗಲಿಯಲ್ಲೇ ತೂಗಿ ಬರಬೇಕು.

ಮೊನ್ನೆ ಹೋಗಿ ಬಂದು ಫೋನ್ ಮಾಡಿದರು. ಮೇಡಂ ನನ್ನನ್ನೂ ಕರೆದು ಸ್ಪೀಕರ್ ಹಾಕಿದರು. ಮಗುವನ್ನು ಅವಳ ಅತ್ತೆ ಎತ್ತಿಕೊಂಡು ಬಂದಿದ್ದರಂತೆ, ತೂಕ ಸರಿಯಾಗಿದೆಯಂತೆ. ಮಗುವಿನ ತಾಯಿ ಹೇಗಿದ್ದಾಳೆ ಎಂದು ಮೇಡಂ ಕೇಳಿದರು.

"ಉಸಾರಿಲ್ಲ, ಮಲ್ಗವ್ಳೆ ಅಂದ್ರು ಮೇಡಂ. ಜಗ್ಲಿಯಿಂದ್ಲೇ ಇಣುಕ್ದೆ, ಕ್ವಾಣೆ ಬಾಗ್ಲಿಗೆ ಈಚೆಯಿಂದ ಚಿಲ್ಕ ಆಕಿತ್ತು."