ಟವೆಲ್ ಹಾಕಿದ ಸೀಟು

ನಮ್ಮ ಮೂರು ತಾಲೂಕಿನ ವಿಡಿಯೊ ಗೇಮ್ ಉದ್ಯಮವನ್ನೆಲ್ಲ ಒಂದೇ ಆಟೋದಲ್ಲಿ ಕೂರಿಸಿಬಿಡಬಹುದು. ಕೂರಿಸಿದ ಮೇಲೂ ಡ್ರೈವರನ ಪಕ್ಕ ಒಬ್ಬರಿಗೆ ಜಾಗ ಉಳಿಯುತ್ತದೆ. ಮಸ್ಕಿಯಲ್ಲಿ ಫೋಟೊ ಸ್ಟುಡಿಯೊ ಇಟ್ಟುಕೊಂಡವನೊಬ್ಬ, ಮೊಬೈಲಿನಲ್ಲಿ ಬಸ್ ಓಡಿಸುವ ಆಟಗಳಿಗೆ ನಮ್ಮ ಕಡೆಯ ಬಸ್ಸಿನ ಬಣ್ಣ ಬಳಿದು, ಹಣೆಯ ಮೇಲೆ ಊರಿನ ಬೋರ್ಡು ಬರೆದು ಕೊಡುತ್ತಾನೆ. ಲಿಂಗಸುಗೂರಿನಲ್ಲಿ ಮದುವೆ ವಿಡಿಯೊ ಮಾಡುವವನೊಬ್ಬ, ಮದುವೆ ಇಲ್ಲದ ತಿಂಗಳುಗಳಲ್ಲಿ ಆಟಗಳಿಗೆ ಸದ್ದು ಕೂಡಿಸುತ್ತಾನೆ. ಅವನ ಆಟಗಳಲ್ಲಿ ಯಾರು ಗೆದ್ದರೂ ಬ್ಯಾಂಡ್ ಬಾರಿಸುತ್ತದೆ. ಉಳಿದ ಉದ್ಯಮವೆಲ್ಲ ಸಿಂಧನೂರಿನಲ್ಲಿ, ಒಂದು ಗೊಬ್ಬರದಂಗಡಿಯ ಮೇಲಿನ ಕೋಣೆಯಲ್ಲಿದೆ. ಆ ಕೋಣೆ ನನ್ನ ಅಣ್ಣನ ಮಗಳದು.

ಅಲ್ಲಿಗೆ ಹೋಗಬೇಕೆಂದರೆ ಯೂರಿಯಾ ಚೀಲಗಳ ನಡುವೆ ಅಡ್ಡಡ್ಡ ಸರಿದು ಮೆಟ್ಟಿಲು ಹತ್ತಬೇಕು. ಮೇಲೆ ಎರಡು ಕಂಪ್ಯೂಟರು, ಒಂದು ಕೂಲರು, ನೀರಿನ ಕ್ಯಾನು. ಯಾವ ಹೊತ್ತಿಗೆ ಹೋದರೂ ಬೆಳೆಗೆ ಹೊಡೆಯುವ ಎಣ್ಣೆಯ ವಾಸನೆ. ಮೊದಲ ಸಲ ಹೋದಾಗ ಅಂಗಡಿಯ ಸಾಹುಕಾರರು ನನ್ನನ್ನು ಕೆಳಗೇ ನಿಲ್ಲಿಸಿಕೊಂಡರು.

“ಅಕ್ಕಾರ, ನಿಮ್ಮ ಹುಡುಗಿ ಮ್ಯಾಲೆ ಏನ್ ಮಾಡ್ತಾಳ್ರಿ?”

“ಗೇಮ್ ಮಾಡ್ತಾಳ್ರಿ.”

“ರೊಕ್ಕ ಹಚ್ಚಿ ಆಡೋದೇನು? ನಾಳೆ ಪೊಲೀಸರು ಬಂದ್ರ ನನ್ನ ಲೈಸೆನ್ಸಿಗೆ ಕುತ್ತು ನೋಡ್ರಿ.”

“ಇಲ್ರೀ ಸಾವ್ಕಾರ್ರ, ಬಸ್ ಓಡಸೋ ಆಟ.”

ಅವರು ಚೀಲಕ್ಕೆ ಒರಗಿದರು. “ಬಸ್ ಓಡಸಾಕ ಡಿಪೋ ಐತಲ್ರಿ. ಮ್ಯಾಲಿನ ರೂಮ್ ಯಾಕ ಬೇಕು?”

ನಾನು ನಕ್ಕು ಮೆಟ್ಟಿಲು ಹತ್ತಿದೆ. ನನಗೂ ಅಷ್ಟೇ ತಿಳಿದಿತ್ತು.

ಕೋಣೆಯಲ್ಲಿ ಕೆಲಸ ಮಾಡುವವರು ಇಬ್ಬರು. ಬಸ್ಸು ಎಲ್ಲಿ ನಿಲ್ಲಬೇಕು, ಮಂದಿ ಯಾವಾಗ ಹತ್ತಬೇಕು, ಯಾವಾಗ ಇಳಿಯಬೇಕು ಎಂಬ ಆಟದ ಬುದ್ಧಿಯನ್ನೆಲ್ಲ ಬರೆಯುವವಳು ನಮ್ಮ ಹುಡುಗಿ. ಜೊತೆಗಾರ ಮುಕ್ಕುಂದದವನು, ಭತ್ತ ಬೆಳೆಯುವ ಮನೆಯವನು, ಮನೆಯವರು ಹೆಣ್ಣು ಹುಡುಕುತ್ತಿರುವ ವಯಸ್ಸು. ಕಣ್ಣಿಗೆ ಕಾಣುವುದನ್ನೆಲ್ಲ ಬರೆಯುವವನು ಅವನು. ಸಿಂಧನೂರಿನಿಂದ ಮಸ್ಕಿ ಹಾಯ್ದು ಲಿಂಗಸುಗೂರಿನವರೆಗಿನ ರಸ್ತೆಯನ್ನು ಅವನು ಕಂಪ್ಯೂಟರಿನೊಳಗೆ ಕಟ್ಟಿದ್ದ. ಬೈಕಿನಲ್ಲಿ ಹೋಗಿ ಫೋಟೊ ತೆಗೆದು ತಂದು, ಒಂದೊಂದೇ ಗಿಡವನ್ನು ನೆಟ್ಟ ಹಾಗೆ ನೆಟ್ಟಿದ್ದ. ಕಾಲುವೆಯ ಹಸಿರು ಮುಗಿದು ಒಣನೆಲ ಶುರುವಾಗುವ ಜಾಗದಲ್ಲಿ ಬಿಸಿಲಿನ ಬಣ್ಣವೂ ಬದಲಾಗುತ್ತದೆಂದು ಅವನು ಹೇಳುತ್ತಿದ್ದ, ಬದಲಾಯಿಸಿಯೂ ಇದ್ದ. ನಾನು ಅವನನ್ನು ರಸ್ತೆಯವನು ಎಂದೇ ಕರೆಯುತ್ತಿದ್ದೆ.

ನಾನು ಆ ಕೋಣೆಗೆ ಸೇರಿಕೊಂಡದ್ದು ಮಾತಿನ ಸಲುವಾಗಿ. ನನ್ನ ನೌಕರಿ ಮಸ್ಕಿಯ ಕಚೇರಿಯೊಂದರಲ್ಲಿ, ಮನೆ ಸಿಂಧನೂರಿನಲ್ಲಿ. ದಿನಾ ಬಸ್ಸಿನಲ್ಲೇ ಹೋಗಿಬರುವವಳು. ಹುಡುಗಿ ಒಂದು ದಿನ ಬಂದು ಕೂತಳು. “ಅತ್ತಿ, ನಮ್ಮ ಪ್ಯಾಸೆಂಜರ್ ಎಲ್ಲಾ ಮೂಕ ಅದಾರ. ನಿಮ್ಮ ಬಸ್ಸಿನಾಗ ಕೇಳಿದ್ದು ನಾಕು ಮಾತು ಕೊಡು ಅವರಿಗೆ.” ನನಗೆ ಮಾತು ಕಲಿಸಿದವರು ನಮ್ಮಜ್ಜಿ ಮತ್ತು ಅವಳ ವಾರಿಗೆಯವರು. ಜೋಳ ಕೇರುತ್ತ ಕಟ್ಟೆಯ ಮೇಲೆ ಕೂತು, ಬೈಸಿಕೊಂಡವರೂ ನಗುವ ಹಾಗೆ ಬೈಯುತ್ತಿದ್ದ ಮುದುಕಿಯರು. ಅವರ ಬಾಯಿಯಿಂದ ಬಿದ್ದದ್ದನ್ನು ನಾನು ಇಷ್ಟು ವರ್ಷ ಜಗುಲಿಯ ಮೇಲೆ ಖರ್ಚು ಮಾಡುತ್ತಿದ್ದೆ. ಈಗ ಮೈಕಿನ ಮುಂದೆ ಖರ್ಚು ಮಾಡತೊಡಗಿದೆ.

ಅವತ್ತೇ ರಸ್ತೆಯವನು ತನ್ನ ರಸ್ತೆ ತೋರಿಸಿದ. ನಡುವೆ ಎಲ್ಲೋ ಒಂದು ದೊಡ್ಡ ಬೇವು ಬಂತು.

“ಈ ಬೇವಿನ ಗಿಡ ಎಲ್ಲೈತೋ ತಮ್ಮಾ?”

“ಅತ್ತಿ, ದಿನಾ ಅದರ ಮುಂದನ ಹೋಗ್ತೀರಲ್ರಿ.”

ಹೋಗುತ್ತೇನೆ, ನಿಜ. ನಿಂತುಕೊಂಡು ಹೋಗುತ್ತೇನೆ. ಹೆಣ್ಣುಮಕ್ಕಳಿಗೆ ಟಿಕೆಟ್ ಫ್ರೀ ಆದ ಮೇಲೆ ಬೆಳಗಿನ ಬಸ್ಸಿನಲ್ಲಿ ಸೀಟು ಹಿಡಿಯುವುದು ಎಲೆಕ್ಷನ್ನಿನ ಸೀಟು ಹಿಡಿದ ಹಾಗೆಯೇ. ನಿಂತವರಿಗೆ ಕಾಣುವುದು ಮುಂದಿನವರ ಹೆಗಲು, ಪಕ್ಕದವರ ಬಗಲು, ಮೇಲಿನಿಂದ ತೂಗುಬಿದ್ದ ಯಾರದೋ ಬುತ್ತಿಯ ಚೀಲ. ಗಿಡ ಎಲ್ಲಿಂದ ಕಾಣಬೇಕು?

ಇಷ್ಟೆಲ್ಲ ಕಟ್ಟಿ, ಅವರು ಅದನ್ನು ಹೈದರಾಬಾದಿನ ಕಂಪನಿಯೊಂದಕ್ಕೆ ತೋರಿಸಿದರು. ಆ ಕಂಪನಿ ಒಪ್ಪಿದರೆ ಆಟ ಹೊರಗೆ ಬರುತ್ತದೆ, ಕೋಣೆ ಉಳಿಯುತ್ತದೆ. ಅಲ್ಲಿಯ ಮೇಡಂ ಕಂಪ್ಯೂಟರಿನಲ್ಲೇ ನೋಡಿ, ಬಸ್ ಓಡಿಸುವ ಆಟಗಳು ನಮ್ಮಲ್ಲಿ ರಾಶಿ ಬಿದ್ದಿವೆ, ಬೇರೆ ಏನಾದರೂ ಇದ್ದರೆ ತಿಂಗಳೊಳಗೆ ತೋರಿಸಿ, ಇಲ್ಲದಿದ್ದರೆ ಆಗುವುದಿಲ್ಲ ಎಂದುಬಿಟ್ಟರು. ಹುಡುಗಿ ಅಳುವವಳಲ್ಲ. ಲಿಂಗಸುಗೂರಿನ ಒಂದು ಶಾಲೆಯಲ್ಲಿ ಕಂಪ್ಯೂಟರ್ ಕಲಿಸುವ ಕೆಲಸ ಹುಡುಕಿಕೊಂಡು ಬಂದಳು. ಹೆಡ್‌ಮಾಸ್ಟರು ತಿಂಗಳು ಕಳೆದ ಮೇಲಿನ ಸೋಮವಾರ ಬಂದು ಸೇರಲು ಹೇಳಿದ್ದರು. “ಮೇಡಂ ಹೂಂ ಅಂದ್ರ ರೂಮು, ಇಲ್ಲಾಂದ್ರ ಶಾಲಿ,” ಎಂದಳು. ರಸ್ತೆಯವನು ಫ್ಲೆಕ್ಸ್ ಅಂಗಡಿಗೆ ಮರಳಿ, ಹುಟ್ಟುಹಬ್ಬದ ಬ್ಯಾನರುಗಳಲ್ಲಿ ಲೀಡರುಗಳ ಮುಖ ಬೆಳ್ಳಗೆ ಮಾಡುವ ಕೆಲಸ ಹಿಡಿಯಬೇಕಿತ್ತು.

ಆ ನಡುವೆ ಟವೆಲಿನ ಗೊಂದಲ ಆದದ್ದು.

ಬಸ್ಸು ಸ್ಟ್ಯಾಂಡಿನಲ್ಲಿ ನಿಲ್ಲುವ ಮೊದಲೇ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುವುದನ್ನು ಹುಡುಗಿ ಆಟದೊಳಗೆ ಸೇರಿಸಿದ್ದಳು. ಟವೆಲ್ ಬಿದ್ದ ಸೀಟಿನಲ್ಲಿ ಬೇರೆಯವರು ಕೂರಬಾರದೆಂದು ಬರೆದಿದ್ದಳು. ಇಳಿಯುವಾಗ ಟವೆಲ್ ತೆಗೆದುಕೊಂಡು ಇಳಿಯಬೇಕೆಂದು ಬರೆಯಲು ಮರೆತಿದ್ದಳು. ಬಸ್ಸು ಸಿಂಧನೂರು ಬಿಟ್ಟಾಗ ಎಲ್ಲ ಸರಿಯಾಗಿತ್ತು. ಮಸ್ಕಿಯಲ್ಲಿ ಕೂತವರೆಲ್ಲ ಇಳಿದುಹೋದರು, ಟವೆಲುಗಳು ಉಳಿದವು. ಹೊಸಬರು ಹತ್ತಿದರು, ಟವೆಲ್ ನೋಡಿದರು, ಮರ್ಯಾದೆಯಿಂದ ನಿಂತುಕೊಂಡರು. ಲಿಂಗಸುಗೂರಿನ ಹೊತ್ತಿಗೆ ಬಸ್ಸಿನ ಎಲ್ಲ ಸೀಟುಗಳೂ ಖಾಲಿ, ಎಲ್ಲ ಮಂದಿಯೂ ನಿಂತು ಬಾಗಿಲಿಗೆ ಜೋತುಬಿದ್ದಿದ್ದರು. ನಾನು ನಕ್ಕು ನಕ್ಕು ಸೆರಗಿನಿಂದ ಕಣ್ಣೊರೆಸಿಕೊಂಡೆ. ಹುಡುಗಿ ಹಣೆ ಚಚ್ಚಿಕೊಂಡಳು. ರಸ್ತೆಯವನು ಹೊರಗಿನ ಗಿಡ ನೋಡುತ್ತಿದ್ದುದರಿಂದ ಒಳಗೇನಾಯಿತೆಂದು ಅವನಿಗೆ ಗೊತ್ತಾಗಲೇ ಇಲ್ಲ.

ಆ ಆಟವನ್ನು ಹಾಗೇ ನನ್ನ ಮೊಬೈಲಿಗೆ ಹಾಕಿಸಿಕೊಂಡು ಮಸ್ಕಿಗೆ ಒಯ್ದೆ. ಊಟದ ಹೊತ್ತಿಗೆ ಪಾಮನಕಲ್ಲೂರಿನಿಂದ ಬರುವ ನನ್ನ ಜೊತೆ ಕೆಲಸ ಮಾಡುವವಳ ಕೈಗೆ ಕೊಟ್ಟೆ. ಕಿಟಕಿ ಮುಟ್ಟಿದರೆ ಟವೆಲ್ ಬೀಳುವಂತೆ ಪರೀಕ್ಷೆಗೆಂದು ಹುಡುಗಿ ಬಿಟ್ಟದ್ದು ಹಾಗೇ ಇತ್ತು. ಅವಳು ಅದನ್ನು ಕಂಡುಹಿಡಿದದ್ದೇ ತಡ, ಸ್ಟೇರಿಂಗ್ ಕೈಬಿಟ್ಟಳು.

“ಅಕ್ಕಾ, ಬಸ್ ಕಾಲುವಿಗೆ ಹೊಂಟೈತಿ ನೋಡು,” ಎಂದೆ.

“ಹೋಗ್ಲಿ ಬಿಡಬೇ. ಕಿಟಕಿ ಸೀಟ್ ಹಿಡದೀನಿ.”

ಬಸ್ಸು ಕಾಲುವೆಗೆ ಬಿತ್ತು. ಅವಳು ಸೀಟು ಬಿಡಲಿಲ್ಲ. ಅವಳ ಹಿಂದೆ ಇನ್ನಿಬ್ಬರು, ಅವರ ಹಿಂದೆ ಚಹಾ ತಂದವನು, ಎಲ್ಲರೂ ಮೊಬೈಲ್ ಕಸಿದುಕೊಂಡು ಆಡಿದರು. ಒಬ್ಬರೂ ಬಸ್ ಓಡಿಸಲಿಲ್ಲ. ಎಲ್ಲರಿಗೂ ಬೇಕಾದದ್ದು ಸೀಟು.

ಸಂಜೆ ಹುಡುಗಿಗೆ ಹೇಳಿದಾಗ ಅವಳು ಮೊದಲು ಮುಖ ಸಣ್ಣದು ಮಾಡಿದಳು, ಆಮೇಲೆ ಎದ್ದು ನಿಂತಳು. “ಹಂಗಾರ ಇದ ಆಟ, ಅತ್ತಿ. ಡ್ರೈವರ್ ಬ್ಯಾಡ. ಸೀಟ್ ಹಿಡಿಯೋದ ಆಟ.”

ಅಲ್ಲಿಂದ ಶುರುವಾಯಿತು ನಮ್ಮ ಸೀಟಿನ ಕಾನೂನು. ಟವೆಲಿಗೆ ಬಲ ಎಷ್ಟು, ಕರ್ಚೀಫಿಗೆ ಎಷ್ಟು? ಪೇಪರು ಹಾಕಿದರೆ ಬಂದವನು ಎತ್ತಿ ಓದಲು ಕೂತುಬಿಡುತ್ತಾನೆ, ಅದಕ್ಕೆ ಬಲವೇ ಇಲ್ಲ. ಬುತ್ತಿಯ ಚೀಲ ಗಟ್ಟಿ, ಆದರೆ ಸಾರು ಚೆಲ್ಲಿದರೆ ಸೀಟು ಯಾರಿಗೂ ಬೇಡ. ಎಲ್ಲಕ್ಕಿಂತ ಮೇಲು ಕಿಟಕಿಯಿಂದ ಒಳಗೆ ಇಳಿಸಿದ ಕೂಸು. ಕೂಸನ್ನು ಎತ್ತಿಡುವ ಧೈರ್ಯ ಕಂಡಕ್ಟರನಿಗೂ ಇಲ್ಲ. ಚಪ್ಪಲಿ ಇಟ್ಟರೆ ನಡೆಯುತ್ತದೆಯೇ ಎಂಬುದರ ಮೇಲೆ ನಾನೂ ಹುಡುಗಿಯೂ ಒಂದು ಇಡೀ ಮಧ್ಯಾಹ್ನ ಜಗಳಾಡಿದೆವು. ನಾನು ಮೈಕಿನ ಮುಂದೆ ಕೂತು ಎರಡೂ ಕಡೆಯ ಮಾತನ್ನೂ ಆಡಿದೆ.

“ಟವೆಲ್ ಹಾಕೀನಿ, ಕಣ್ಣು ಕಾಣಂಗಿಲ್ಲೇನು?”

“ಹಾಕಿದ್ರ? ಸೀಟಿನ ಪಹಣಿ ನಿನ್ನ ಹೆಸರ್ಲೆ ಆಗೈತೇನು?”

“ಆಗೈತಿ. ಟವೆಲಿನ ಮ್ಯಾಲೆ ಸರ್ವೇ ನಂಬರ್ ಐತಿ, ಓದ್ಕೋ.”

“ನಾ ಮಸ್ಕಿತನ ಅಷ್ಟ ಕುಂದ್ರತೀನಿ, ಆಮ್ಯಾಲೆ ನೀನ ಕುಂದ್ರು.”

“ಯಮ್ಮಾ, ನಾ ಇಳಿಯೋದೂ ಮಸ್ಕ್ಯಾಗನ.”

ನಾವು ಹೀಗೆ ನಗುತ್ತ ಕೂತಿದ್ದಾಗ ರಸ್ತೆಯವನು ಮಾತಾಡುವುದನ್ನು ನಿಲ್ಲಿಸಿದ್ದನ್ನು ನಾವು ಗಮನಿಸಲಿಲ್ಲ. ಒಂದು ದಿನ ಅವನು ಕುರ್ಚಿ ಹಿಂದೆ ಸರಿಸಿ ಕೇಳಿದ.

“ಸೀಟ್ ಸಿಕ್ಕ ಮ್ಯಾಲೆ ಆಟ ಮುಗೀತಲ್ಲ?”

“ಹೂಂ,” ಎಂದಳು ಹುಡುಗಿ.

“ಹಂಗಾರ ಸ್ಟ್ಯಾಂಡ್ ಒಂದ ಸಾಕು. ಬಸ್ ಓಡೋದ ಬ್ಯಾಡ. ರಸ್ತಾ ಬ್ಯಾಡ.”

ಅವನು ಹೆಲ್ಮೆಟ್ ತೆಗೆದುಕೊಂಡ. “ಊರಾಗ ನಾಟಿ ನಡದೈತಿ, ಮನ್ಯಾಗ ಮಂದಿ ಬೇಕು,” ಎಂದು ಮೆಟ್ಟಿಲಿಳಿದುಹೋದ. ನಾಟಿ ನಡೆದಿದ್ದುದೂ ನಿಜವೇ. ಮರುದಿನ ಬರಲಿಲ್ಲ, ಅದರ ಮರುದಿನವೂ ಬರಲಿಲ್ಲ. ಮೇಡಂ ಕೊಟ್ಟ ತಿಂಗಳು ಸವೆಯುತ್ತಿತ್ತು. ಚಿತ್ರ ಬರೆಯುವವನಿಲ್ಲದೆ ಹುಡುಗಿಯ ಆಟದಲ್ಲಿ ಟವೆಲಿಗೂ ಬಣ್ಣವಿಲ್ಲ, ಕೂಸು ಇಳಿಸುವ ಅಜ್ಜಿಗೂ ಮೂಗಿಲ್ಲ. ಫೋನ್ ಮಾಡಲು ಅವಳಿಗೆ ಬಿಗುಮಾನ.

ಆ ವಾರದಲ್ಲೊಂದು ಸಂಜೆ ಮಸ್ಕಿಯಲ್ಲಿ ನನಗೆ ಕಿಟಕಿಯ ಸೀಟು ಸಿಕ್ಕಿತು. ಯಾರೋ ತಪ್ಪು ಬಸ್ಸೆಂದು ಇಳಿದುಹೋದದ್ದರಿಂದ ಒಲಿದ ಭಾಗ್ಯ. ಕೂತೆ, ಉಸ್ಸೆಂದೆ, ಕಿಟಕಿಯ ಗಾಜು ಸರಿಸಿದೆ. ಗಾಳಿ ಬಂತು. ಮಸ್ಕಿಯ ಗುಡ್ಡ ಹಿಂದೆ ಸರಿಯಿತು. ಕುರಿ ಹಿಂಡಿನವನೊಬ್ಬ ಬಸ್ಸಿಗೆ ದಾರಿ ಬಿಡಲು ಕಂಬಳಿ ಬೀಸುತ್ತ ನಿಂತಿದ್ದ. ಕಪ್ಪು ನೆಲ ಮುಗಿದು ಹಸಿರು ಶುರುವಾಗುವ ಹೊತ್ತಿಗೆ, ಆ ಹುಡುಗ ಹೇಳಿದ ಹಾಗೆಯೇ ಬಿಸಿಲಿನ ಬಣ್ಣ ಬದಲಾಯಿತು. ಅಲ್ಲೇ ಆ ಬೇವು ನಿಂತಿತ್ತು. ಕೂತಲ್ಲಿಂದಲೇ ಫೋನ್ ಹಚ್ಚಿದೆ.

“ಬೇವಿನ ಗಿಡ ಕಂಡ್ತೋ ತಮ್ಮಾ.”

“ಅದಕ್ಕ ನಾ ಏನ್ ಮಾಡ್ಲಿ ಅತ್ತಿ?” ದನಿ ಇನ್ನೂ ಬಿಗಿಯಾಗಿಯೇ ಇತ್ತು.

“ಇವತ್ತು ಸೀಟ್ ಸಿಕ್ಕಿತ್ತು. ಅದಕ್ಕ ಕಂಡ್ತು. ನಿಂತಾಗ ಒಮ್ಮೆನೂ ಕಂಡಿದ್ದಿಲ್ಲ.”

ಆ ಕಡೆ ಗದ್ದೆಯಲ್ಲಿ ಯಾರೋ ಯಾರನ್ನೋ ಕರೆಯುವುದು ಕೇಳುತ್ತಿತ್ತು.

“ಏನಂದ್ರಿ? ಇನ್ನೊಮ್ಮೆ ಹೇಳ್ರಿ.”

ಹೇಳಿದೆ. ಮರುದಿನ ಬೆಳಿಗ್ಗೆ ಅವನು ಪ್ಯಾಂಟಿನ ತುದಿಗೆ ಕೆಸರು ಹತ್ತಿಸಿಕೊಂಡೇ ಮೆಟ್ಟಿಲು ಹತ್ತಿ ಬಂದ. ಆಟ ಹೀಗಾಯಿತು: ಸೀಟು ಸಿಗದವರಿಗೆ ದಾರಿಯುದ್ದಕ್ಕೂ ಹೆಗಲು, ಬಗಲು, ಚೀಲ. ಸೀಟು ಸಿಕ್ಕವರಿಗೆ ಕಿಟಕಿ, ಕಿಟಕಿಯಾಚೆ ಅವನ ರಸ್ತೆ, ಸಿಂಧನೂರಿನಿಂದ ಲಿಂಗಸುಗೂರಿನವರೆಗೆ, ಮಾಡಲು ಬೇರೇನೂ ಇಲ್ಲದೆ. ಹುಡುಗಿ ಕೂಲರನ್ನು ಅವನ ಕಡೆ ತಿರುಗಿಸಿದಳು. ಅವನು ಗೊಣಗುತ್ತಲೇ ಕೂತ. “ಇಷ್ಟ ದಿನ ಗಿಡ ಬರದೆ. ಈಗ ಬಗಲು ಬರೀಬೇಕು. ಹೆಣ್ಣಿನ ಕಡ್ಯಾರು ಕೇಳಿದ್ರ ಏನ್ ಹೇಳ್ಲಿ?”

ತಿಂಗಳು ತುಂಬುವ ಶನಿವಾರ ಮಧ್ಯಾಹ್ನ ಮೇಡಂ ಕಂಪ್ಯೂಟರಿನಲ್ಲಿ ಬಂದರು. ಅವರು ಅಲ್ಲಿ ಆಡುವುದು ನಮಗೆ ಇಲ್ಲಿ ಕಾಣುವಂತೆ ಮಾಡಿಕೊಂಡಿದ್ದೆವು. ಅವರು ಟವೆಲ್ ಎಸೆದರು. ಅದೇ ಸೀಟಿಗೆ ಅಜ್ಜಿಯೊಬ್ಬಳು ಆ ಕಡೆಯ ಕಿಟಕಿಯಿಂದ ಕೂಸನ್ನು ಇಳಿಸಿದಳು.

“ಅರೇ, ಟವೆಲ್ ಮೈ ಪಹಲೇ ಡಾಲೀ ನಾ,” ಎಂದರು ಮೇಡಂ, ಟವೆಲ್ ಮೊದಲು ಹಾಕಿದವಳು ನಾನಲ್ಲವೇ ಎಂದು, ಆಟಕ್ಕೆ ಕಿವಿಯಿಲ್ಲವೆಂಬುದನ್ನೂ ಮರೆತು.

“ಕೂಸಿನ ಮ್ಯಾಲೆ ಟವೆಲ್ ಹಾಕ್ತಿಯೇನಬೇ? ಮೊದ್ಲ ಜ್ವರ ಬಂದಾವ ಅದಕ್ಕ,” ಎಂದಳು ಅಜ್ಜಿ, ನನ್ನ ದನಿಯಲ್ಲಿ.

ಮೇಡಂಗೆ ಕನ್ನಡ ಬಾರದು. ಬೈಸಿಕೊಂಡದ್ದು ಮಾತ್ರ ಸರಿಯಾಗಿ ತಿಳಿದಿತ್ತು. ತೆಲುಗಿಗೆ ಹೊರಳಿ “ಅಮ್ಮಾ, ಕೊಂಚೆಂ ಜರಗಮ್ಮಾ,” ಎಂದು ಸ್ವಲ್ಪ ಸರಿಯಲು ಬೇಡಿಕೊಂಡರು. ಕೊನೆಗೆ ಸರಿಯಲು ಕೇಳುವ ಗುಂಡಿ ಕಣ್ಣಿಗೆ ಬಿತ್ತು, ಒತ್ತಿದರು. “ಹೂಂ, ಬಾ. ಇಬ್ಬರ ಸೀಟಿನಾಗ ಮೂರು ಮಂದಿ ಆಗ್ತೀವಿ,” ಎಂದಳು ಅಜ್ಜಿ. ಅರ್ಧ ಸೀಟು ಸಿಕ್ಕಿತು, ಅದೂ ಕಿಟಕಿಯ ಬದಿಗೆ.

ಬಸ್ಸು ಹೊರಟಿತು. ಗದ್ದೆಗಳು ಹೋದವು, ಬೇವು ಹೋಯಿತು, ಮಸ್ಕಿಯ ಗುಡ್ಡ ಬಂತು. ಮೇಡಂ ಏನನ್ನೂ ಒತ್ತಲಿಲ್ಲ. ಹುಡುಗಿ ಮೇಜಿನ ಕೆಳಗೆ ನನ್ನ ಕೈ ಹಿಡಿದಿದ್ದಳು. ಬಳೆ ಚುಚ್ಚುವಷ್ಟು ಬಿಗಿ. “ನಿದ್ದಿ ಹತ್ತಿತೇನ ಅತ್ತಿ ಅವರಿಗೆ?” ಎಂದು ಪಿಸುಗುಟ್ಟಿದಳು. ರಸ್ತೆಯವನು ಪರದೆ ನೋಡುವುದನ್ನು ಬಿಟ್ಟು ಕೂಲರಿನ ನೀರು ನೋಡುತ್ತ ನಿಂತಿದ್ದ.

ಲಿಂಗಸುಗೂರು ಬಂತು. ಬಸ್ಸು ನಿಂತಿತು.

“ಇತನಾಚ್?” ಎಂದರು ಮೇಡಂ. ಇಷ್ಟೇನಾ ಎಂದು. “ಬಸ್ ಆಗೇ ನೈ ಜಾತೀ?” ಬಸ್ಸು ಮುಂದೆ ಹೋಗುವುದಿಲ್ಲವೇ ಎಂದು.

“ಲಿಂಗಸುಗೂರು ಲಾಸ್ಟ್ ಸ್ಟಾಪ್, ಮೇಡಂ,” ಎಂದ ರಸ್ತೆಯವನು, ತಾನೇ ತಪ್ಪು ಮಾಡಿದವನ ಹಾಗೆ.

ಮುಂದೆಯೂ ಕಟ್ಟಿ ಎಂದರು ಅವರು. ಮೊದಲು ಈ ಒಂದು ದಾರಿಯನ್ನು ಹೊರಗೆ ಬಿಡೋಣ, ಮಂದಿ ಆಡಿದರೆ ಮುಂದಿನದಕ್ಕೆ ಕರಾರು ಮಾಡೋಣ ಎಂದರು. ಬಹಳ ದೊಡ್ಡ ಮಾತೇನೂ ಅಲ್ಲ. ಕೋಣೆ ಉಳಿಯುವಷ್ಟು ಮಾತು. ಹೋಗುವ ಮುನ್ನ, ಆ ಅಜ್ಜಿ ತಮಗೆ ಅಂದದ್ದು ಏನೆಂದು ಕೇಳಿದರು. ಹುಡುಗಿ ಬಹಳ ಮೆತ್ತಗೆ ಮಾಡಿ ಹೇಳಿದಳು.

ಪರದೆ ಆರಿದ ಮೇಲೆ ಯಾರಿಗೂ ಏನು ಮಾಡಬೇಕೆಂದು ತಿಳಿಯಲಿಲ್ಲ. ರಸ್ತೆಯವನು ಮುದಗಲ್ ಕಡೆ ತಿರುಗಿಸುವುದೋ ಹಟ್ಟಿ ಕಡೆಯೋ ಎಂದು ತನ್ನಷ್ಟಕ್ಕೇ ಮಾತಾಡತೊಡಗಿದ. ಹುಡುಗಿ ಮಾತ್ರ ನೆನಪಾದವಳಂತೆ ಫೋನ್ ತೆಗೆದು ಶಾಲೆಯ ಹೆಡ್‌ಮಾಸ್ಟರಿಗೆ ಹಚ್ಚಿದಳು. ಅವರ ದನಿ ದೊಡ್ಡದು, ನಮಗೂ ಕೇಳುತ್ತಿತ್ತು.

“ನಮಸ್ಕಾರ್ರಿ ಸರ್. ಸೋಮವಾರ ನಾ ಬರಂಗಿಲ್ರಿ.”

“ಯಾಕಮ್ಮಾ, ಬಸ್ಸಿನ ತೊಂದ್ರೇನು? ಒಂದೀಟು ತಡ ಆದ್ರೂ ನಡೀತೈತಿ, ಬಾ.”

“ಹಂಗಲ್ರಿ. ನಂಗ ಇಲ್ಲೆ ಬಸ್ಸಿನ ಕೆಲಸ ಸಿಕ್ಕೈತ್ರಿ ಸರ್.”

“ಕಂಡಕ್ಟರೇನು? ಚಲೋ ಆತು ಬಿಡಮ್ಮಾ. ಸರ್ಕಾರಿ ನೌಕರಿ, ಬಿಡಬ್ಯಾಡ.”

ಹುಡುಗಿ ತಿದ್ದಲು ಬಾಯಿ ತೆರೆದಳು. ನಮ್ಮಿಬ್ಬರ ಮುಖ ನೋಡಿದಳು. ಅದನ್ನೆಲ್ಲ ಫೋನಿನಲ್ಲಿ ಎಲ್ಲಿಂದ ಶುರುಮಾಡುವುದು ಅನ್ನಿಸಿರಬೇಕು.

“ಹೂಂನ್ರಿ ಸರ್, ನಿಮ್ಮ ಆಶೀರ್ವಾದ,” ಎಂದು ಫೋನಿಟ್ಟಳು.